ಒಂಬತ್ತು ಇಂಚಿನ ಗೋಡೆ

ಹೋದ ಭಾನುವಾರ ಬೆಳಿಗ್ಗೆ ನನಗೊಂದು ಫೋನ್ ಬಂತು. "ಮೇಡಂ, ನಡುಗೋಡೆ ಒಡೀಬೇಕಂತ ಮಾಡೀವಿ. ನಿಮ್ ಸರ್‌ದು ಪೆಟ್ಟಿಗೆ ಐತಲ್ಲ, ಅದನ್ನ ಬಂದು ತಗಂಡು ಹೋಗ್ರಿ" ಎಂದವರು ಸರ್ ಅವರ ಅಣ್ಣನ ಮಗ. ಸರ್ ತೀರಿಕೊಂಡು ಆರು ತಿಂಗಳಾಗಿದೆ. ಪೆಟ್ಟಿಗೆ ನನ್ನದು ಎಂದು ಯಾರು, ಯಾವಾಗ ತೀರ್ಮಾನಿಸಿದರೋ ತಿಳಿಯದು. ಸಂಜೆ ಬರುತ್ತೇನೆ ಎಂದೆ. ಆ ಗೋಡೆಯ ವಿಷಯ ಆ ಮನೆಯವರಿಗಿಂತ ನನಗೇ ಹೆಚ್ಚು ಗೊತ್ತಿದೆ. ಅದರ ದಪ್ಪ ಒಂಬತ್ತು ಇಂಚು. ಎರಡೂ ಬದಿಯ ಗಿಲಾವು ಸೇರಿಸಿದರೆ ಹತ್ತು. ನಾನೇ ಅಳೆದಿದ್ದೇನೆ.

ಸರ್ ನಮ್ಮ ಬಿ.ಎಸ್ಸಿ. ದಿನಗಳಲ್ಲಿ ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನೀಲಿ ಪೆನ್ನು ಎಲ್ಲದಕ್ಕೂ, ಕೆಂಪು ಪೆನ್ನು ಸೊನ್ನೆ ಬರೆಯುವುದಕ್ಕೆ ಮಾತ್ರ. "ಸೊನ್ನೆ ಕಣ್ಣಿಗೆ ಕಾಣಬೇಕು. ಇಲ್ಲಾಂದ್ರೆ ಖಾಲಿ ಜಾಗ ಅನ್ಕಂತಾರೆ" ಎನ್ನುತ್ತಿದ್ದರು.

ಮೊದಲ ವರ್ಷದಲ್ಲಿ ನಾನು ಲೋಲಕದ ಪ್ರಯೋಗವನ್ನು ಮಾಡದೆಯೇ ಬರೆದುಕೊಟ್ಟಿದ್ದೆ. ಪುಸ್ತಕದಲ್ಲಿದ್ದ ಉತ್ತರಕ್ಕೆ ಹೊಂದುವಂತೆ ಹಿಂದಿನಿಂದ ಲೆಕ್ಕ ಹಾಕಿ, ನಂಬಿಕೆ ಬರಲೆಂದು ಅಲ್ಲಲ್ಲಿ ಸಣ್ಣ ತಪ್ಪನ್ನೂ ಸೇರಿಸಿದ್ದೆ. ಸರ್ ಹಾಳೆಯನ್ನು ಪೂರ್ತಿ ಓದಿದರು. "ಉತ್ತರ ಸರಿ ಐತವ್ವ. ಆದ್ರೆ ಇದು ನಿಂದಲ್ಲ" ಎಂದರು. ನಾನು ನನ್ನದೇ ಎಂದೆ. ಅವರು ನನ್ನ ಮೇಜಿನ ಕಡೆ ಬೆರಳು ತೋರಿಸಿದರು. "ದಾರ ಇನ್ನೂ ಉಂಡೆಯಾಗೇ ಐತೆ. ತೂಗಿದ್ದು ಯಾವುದು?"

ಅಂದಿನಿಂದ ನಾನು ಎಲ್ಲವನ್ನೂ ಅಳೆದೇ ಬರೆಯುತ್ತೇನೆ. ಇದರಿಂದ ನನಗೆ ಗೆಳೆಯರು ಕಡಿಮೆಯಾಗಿದ್ದಾರೆ. ಅದಕ್ಕೆ ಬೇಸರವಿಲ್ಲ.

ಅವರು ಸದಾ ಹೇಳುತ್ತಿದ್ದ ಮಾತು 'ತೊಳೆದ ಸೊನ್ನೆ'. ನೋಡದೆ ಏನೂ ಇಲ್ಲ ಎಂದರೆ ಅದು ಕೊಳೆ ಸೊನ್ನೆ. ಕಣ್ಣು ಒರೆಸಿಕೊಂಡು, ಉಪಕರಣ ಒರೆಸಿ, ಮತ್ತೆ ಮತ್ತೆ ನೋಡಿ, ಆಮೇಲೂ ಏನೂ ಇಲ್ಲದಿದ್ದರೆ ಅದು ತೊಳೆದ ಸೊನ್ನೆ. ಮೊದಲನೆಯದು ಯಾರಿಗಾದರೂ ಸಿಗುತ್ತದೆ, ಎರಡನೆಯದಕ್ಕೆ ಒಂದು ಆಯುಷ್ಯ ಬೇಕು ಎನ್ನುವರು.

ನಾನು ಎಂ.ಎಸ್ಸಿ. ಮುಗಿಸಿ ಇಲ್ಲೇ ದಾವಣಗೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಗ ಸರ್ ನಿವೃತ್ತರಾದರು. ಮರುವಾರವೇ ಕಾಲೇಜಿನ ಗೇಟಿನ ಬಳಿ ನನಗಾಗಿ ಕಾದು ನಿಂತಿದ್ದರು.

"ಸಂಜೆ ಏನು ಮಾಡ್ತೀಯವ್ವ?"

"ಏನಿಲ್ಲ ಸರ್."

"ಹಂಗಾರೆ ಡಾರ್ಕ್ ಮ್ಯಾಟರ್ ಹುಡುಕಾನ ಬಾ."

ತರಕಾರಿ ತರೋಣ ಬಾ ಎನ್ನುವ ಧಾಟಿಯಲ್ಲಿ ಹೇಳಿದರು.

ಡಾರ್ಕ್ ಮ್ಯಾಟರ್ ಎಂದರೇನೆಂದು ಅವರು ಯಾರಿಗೆ ವಿವರಿಸಿದರೂ ಮದುವೆಯ ಊಟದಿಂದಲೇ ಶುರು ಮಾಡುತ್ತಿದ್ದರು. ಪಂಕ್ತಿಯಲ್ಲಿ ಕೂತವರನ್ನು ಎಣಿಸಿದರೆ ನೂರು ಜನ; ಊಟವಾದ ಮೇಲೆ ಎಲೆ ಎಣಿಸಿದರೆ ಆರುನೂರು. ಹಾಗಾದರೆ ಕಣ್ಣಿಗೆ ಕಾಣದೆ ಉಂಡು ಹೋದವರು ಯಾರು? ನಕ್ಷತ್ರಗಳ ಗುಂಪುಗಳು ತಿರುಗುವ ರೀತಿ ನೋಡಿದರೆ ಅಲ್ಲಿ ಕಾಣುವುದಕ್ಕಿಂತ ಎಷ್ಟೋ ಹೆಚ್ಚು ವಸ್ತು ಇರಲೇಬೇಕು, ಆದರೆ ಅದು ಕಾಣುವುದಿಲ್ಲ. ಅದು ಏನೆಂದು ಯಾರಿಗೂ ಗೊತ್ತಿಲ್ಲ. ಆಕ್ಸಿಯಾನ್ ಎಂಬ ತೀರ ಹಗುರಾದ ಕಣ ಇರಬಹುದು ಎಂಬುದು ಒಂದು ಊಹೆ. ಅದು ಇದ್ದರೆ ಅದಕ್ಕೊಂದು ವಿಚಿತ್ರ ಗುಣವಿರಬೇಕು. ಬಲವಾದ ಮ್ಯಾಗ್ನೆಟ್‌ಗಳ ನಡುವೆ ಹಾಯುವ ಲೇಸರ್ ಬೆಳಕಿನ ಒಂದು ಕಾಳು ಎಲ್ಲೋ ಅಪರೂಪಕ್ಕೆ ಆಕ್ಸಿಯಾನ್ ಆಗಿ ವೇಷ ಬದಲಿಸಬಹುದು. ಬೆಳಕನ್ನು ಗೋಡೆ ತಡೆಯುತ್ತದೆ, ಆಕ್ಸಿಯಾನನ್ನು ತಡೆಯುವುದಿಲ್ಲ. ಅದು ಗೋಡೆ ದಾಟಿ ಆಚೆ ಇನ್ನೊಂದು ಸಾಲು ಮ್ಯಾಗ್ನೆಟ್ ಸಿಕ್ಕರೆ ಮತ್ತೆ ಬೆಳಕಾಗಬಹುದು. ಆದ್ದರಿಂದ ಈಚೆ ಲೇಸರ್, ನಡುವೆ ಗೋಡೆ, ಆಚೆ ಕಗ್ಗತ್ತಲಲ್ಲಿ ಬೆಳಕು ಎಣಿಸುವ ಕೊಳವೆ. ಬೇರೆ ದೇಶಗಳಲ್ಲಿ ದೊಡ್ಡ ದೊಡ್ಡ ಯಂತ್ರ ಇಟ್ಟುಕೊಂಡು ಇದನ್ನೇ ಮಾಡುತ್ತಾರೆ, ಇನ್ನೂ ಏನೂ ಸಿಕ್ಕಿಲ್ಲ.

ಸರ್ ಅವರ ಲೇಸರ್ ಕಾಲೇಜು ಗುಜರಿಗೆ ಹಾಕಿದ್ದು. ಮ್ಯಾಗ್ನೆಟ್‌ಗಳು ಸೌಂಡ್ ಸರ್ವಿಸ್‌ನವರ ಸತ್ತ ಧ್ವನಿವರ್ಧಕಗಳಿಂದ ಕಿತ್ತವು. "ಪಾಪ, ಜೀವಮಾನ ಇಡೀ ಎಲೆಕ್ಷನ್ನಾಗ ಒದರಿದಾವೆ. ಇನ್ನಾದ್ರೂ ಸುಮ್ನಿರ್ಲಿ" ಎನ್ನುತ್ತ ಅವನ್ನು ಸಾಲಾಗಿ ಜೋಡಿಸಿದ್ದರು. ಕೊಳವೆ ಇಡಲು ಬೆಳಕು ನುಸುಳದ ಪೆಟ್ಟಿಗೆಯನ್ನು ಹರಿಹರದ ಲೇತ್ ಕೆಲಸದವರೊಬ್ಬರು ಮಾಡಿಕೊಟ್ಟಿದ್ದರು. ಹೆಣದ ಪೆಟ್ಟಿಗೆಯೇನೋ ಎಂದು ಅಳತೆ ಎರಡು ಸಲ ಕೇಳಿದ್ದರಂತೆ.

"ಇಷ್ಟು ಸಣ್ಣ ಮ್ಯಾಗ್ನೆಟ್ಟಿಗೆ ಸಿಗುತ್ತಾ ಸರ್?" ಎಂದು ಕೇಳಿದೆ.

"ಸಿಗಲ್ಲ."

"ಮತ್ತೆ ಯಾಕೆ?"

"ಸಿಗಲ್ಲ ಅಂತ ಗೊತ್ತಿರಾದು ಬ್ಯಾರೆ, ನೋಡಿ ಹೇಳಾದು ಬ್ಯಾರೆ."

ತೊಡಕು ಇದ್ದದ್ದು ವಿಜ್ಞಾನದಲ್ಲಲ್ಲ, ಗೋಡೆಯಲ್ಲಿ. ಹಳೇಪೇಟೆಯ ಆ ಮನೆ ಸರ್ ಮತ್ತು ಅವರ ಅಣ್ಣನ ನಡುವೆ ಪಾಲಾಗಿತ್ತು. ಅಣ್ಣನದು ಹಿಂಡಿ, ಬೂಸಾ ಅಂಗಡಿ. ಲೋಕಿಕೆರೆ, ಕುಕ್ಕುವಾಡ, ಹದಡಿ ಕಡೆಯ ಎಮ್ಮೆಗಳೆಲ್ಲ ಅವರಿಂದಲೇ ಬದುಕಿವೆ ಎಂಬ ನಂಬಿಕೆ ಅವರಿಗಿತ್ತು. ಊರು ಅವರನ್ನು ಸಾವ್ಕಾರ್ರು ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಮನೆಯ ನಡುವೆ ಗೋಡೆ ಎದ್ದಾಗ ಹೊಲ, ಅಂಗಡಿ, ಪಾತ್ರೆ, ಯಾವುದಕ್ಕೂ ಅಣ್ಣತಮ್ಮಂದಿರು ಜಗಳವಾಡಿರಲಿಲ್ಲ. ಜಗಳ ಬಂದದ್ದು ಗೋಡೆಯ ದಪ್ಪಕ್ಕೆ. ಮನೆ ಸಮಪಾಲು, ಸರಿ. ಗೋಡೆಯ ಒಂಬತ್ತು ಇಂಚು ಯಾರ ಪಾಲಿನಿಂದ ಹೋಗಬೇಕು? ನಾಲ್ಕೂವರೆ ಇಂಚಿನಂತೆ ಇಬ್ಬರೂ ಬಿಡಬಹುದಿತ್ತು. ಆದರೆ ಅದನ್ನು ಮೊದಲು ಹೇಳಿದವನು ಸೋತ ಹಾಗಾಗುತ್ತಿತ್ತು. ಹಾಗೆ ಹದಿನೇಳು ವರ್ಷದಿಂದ ಅವರು ಮಾತಾಡಿರಲಿಲ್ಲ.

ಗೋಡೆ ದೇವರ ಕೋಣೆಯ ಮಧ್ಯದಲ್ಲೇ ಹಾದಿತ್ತು. ಆಚೆ ಅರ್ಧದಲ್ಲಿ ಸಾವ್ಕಾರ್ರು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು. ಈಚೆ ಅರ್ಧದಲ್ಲಿ ಸರ್ ಲೇಸರ್ ಇಟ್ಟಿದ್ದರು. ಕೊಳವೆಯ ಪೆಟ್ಟಿಗೆ ಮಾತ್ರ ಆಚೆಯೇ ಇರಬೇಕಂತೆ.

ಇದಕ್ಕೆ ಅಣ್ಣನ ಮನೆಯ ಗೋಡೆಯೇ ಏಕೆ, ನಡುವೆ ಒಂದು ಉಕ್ಕಿನ ತಗಡು ನಿಲ್ಲಿಸಿದರೂ ಸಾಕಲ್ಲ ಎಂದೆ. "ಜಾಗ ಸಾಲಂಗಿಲ್ಲವ್ವ" ಎಂದರು. ಅವರ ಪಡಸಾಲೆ ಹದಿನೆಂಟು ಅಡಿ ಉದ್ದವಿತ್ತು.

ಅಣ್ಣನ ಒಪ್ಪಿಗೆ ಕೇಳಲು ನನ್ನನ್ನು ಕಳಿಸಿದರು. ಸರ್ ಮನೆಯ ಬಾಗಿಲಿನಿಂದ ಬೀದಿಗಿಳಿದು ಅಣ್ಣನ ಮನೆಯ ಬಾಗಿಲಿಗೆ ನಲವತ್ತೆರಡು ಹೆಜ್ಜೆ. ಸಾವ್ಕಾರ್ರು ಉಯ್ಯಾಲೆಯಲ್ಲಿ ಕೂತಿದ್ದರು.

"ಬರ್ರಿ, ಕೂಡ್ರಿ. ಏನಂತಾನೆ ಅವನು?"

ವಿಷಯ ಹೇಳಿದೆ. ಎಲ್ಲವನ್ನೂ ಕೇಳಿ, "ಕಾಣದಿದ್ದದ್ದನ್ನ ಹುಡುಕಾಕೆ ಲೈಟು ಯಾಕ?" ಎಂದರು. ಪ್ರಶ್ನೆ ಚೆನ್ನಾಗಿತ್ತು. ನಾನು ಉತ್ತರ ಯೋಚಿಸುವಷ್ಟರಲ್ಲಿ ಗೋಡೆಯಾಚೆಯಿಂದ ಸರ್ ದನಿ ಬಂತು: "ಅವರಿಗೆ ಹೇಳವ್ವ, ಬೆಳಕು ಅಲ್ಲಿ ವೇಷ ಬದಲಿಸ್ತೈತೆ ಅಂತ!"

"ಅವನಿಗೆ ಹೇಳವ್ವ," ಎಂದು ಸಾವ್ಕಾರ್ರು ಅಷ್ಟೇ ಜೋರಾಗಿ ಗೋಡೆಯ ಕಡೆ ತಿರುಗಿ ಹೇಳಿದರು, "ನಾನು ಕೇಳಿದ್ದು ನಿನ್ನನ್ನ, ಅವನನ್ನಲ್ಲ ಅಂತ!"

ನಾನು ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಮುಂದಿನ ಅರ್ಧ ಗಂಟೆ ನಾನು ಕೂತಿದ್ದೆ, ಅವರಿಬ್ಬರೂ ನನ್ನ ಮೂಲಕ ನೇರವಾಗಿ ಮಾತಾಡಿಕೊಂಡರು. ಕೊನೆಗೆ ಒಪ್ಪಂದವಾಯಿತು. ಪೆಟ್ಟಿಗೆ ದೇವರ ಕೋಣೆಯಲ್ಲಿ ಇರಬಹುದು. ಆದರೆ ಸಂಜೆ ಆರರ ಪೂಜೆ ನಿಲ್ಲಿಸುವಂತಿಲ್ಲ, ದೀಪ ಹಚ್ಚದೆ ಇರುವಂತಿಲ್ಲ. ಪೆಟ್ಟಿಗೆಯೊಳಕ್ಕೆ ಹೊರಗಿನ ಬೆಳಕು ಒಂದು ಚೂರೂ ಹೋಗುವುದಿಲ್ಲ, ಆದ್ದರಿಂದ ನಡೆಯುತ್ತದೆ ಎಂದು ಸರ್ ಒಪ್ಪಿದರು. ಸಾವ್ಕಾರ್ರ ಹೆಂಡತಿ ಚಹಾ ತಂದಿಟ್ಟು, "ಪಕ್ಕದ ಹರಿಹರದಾಗ ಇಬ್ಬರು ದೇವ್ರು ಒಂದೇ ಕಲ್ಲಿನಾಗ ನಿಂತಾರೆ. ಇಲ್ಲಿ ಒಬ್ಬ ದೇವ್ರಿಗೆ ಎರಡು ಕೋಣೆ" ಎಂದು ಯಾರಿಗೋ ಎಂಬಂತೆ ಹೇಳಿ ಒಳಗೆ ಹೋದರು.

ಮ್ಯಾಗ್ನೆಟ್ ಸಾಲು ಆಚೆಯೂ ಇರಬೇಕಾಗಿತ್ತು. ಎರಡನೆಯ ದಿನವೇ ಸಾವ್ಕಾರ್ರ ಅಂಗಡಿಯ ಬೀಗದ ಕೈ ಗೊಂಚಲು ಅದಕ್ಕೆ ಕಚ್ಚಿಕೊಂಡಿತು. ಹದಡಿಯಿಂದ ಹಿಂಡಿಗೆ ಬಂದವರು ಅಂಗಡಿಯ ಮುಂದೆ ಕಾಯುತ್ತಿದ್ದಾಗ, ಸಾವ್ಕಾರ್ರು ದೇವರ ಕೋಣೆಯಲ್ಲಿ ಮ್ಯಾಗ್ನೆಟ್ಟಿಗೆ ಕಾಲು ಕೊಟ್ಟು ಗೊಂಚಲು ಎಳೆಯುತ್ತಿದ್ದರು. ಮಾರನೆಯ ದಿನದಿಂದ ಅವರು ಬೀಗದ ಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಳ್ಳುವ ಬದಲು ಹೆಂಡತಿಯ ಕೈಗೆ ಕೊಟ್ಟು ಪೂಜೆಗೆ ಕೂರತೊಡಗಿದರು. ಆ ಮನೆಯ ಇತಿಹಾಸದಲ್ಲಿ ಇದು ದೊಡ್ಡ ಘಟನೆಯೆಂದು ಆಮೇಲೆ ತಿಳಿಯಿತು.

ನಮ್ಮ ಕೆಲಸದ ಕ್ರಮ ಹೀಗಿತ್ತು. ಸಂಜೆ ಆರಕ್ಕೆ ಸಾವ್ಕಾರ್ರು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ನಾನು ಹೊರಗೆ ಅವರ ಪಡಸಾಲೆಯಲ್ಲಿ ಎಣಿಕೆಯ ಯಂತ್ರದ ಮುಂದೆ ಕೂರುವೆ. ಕೊಳವೆಯಿಂದ ತಂತಿ ಬಾಗಿಲ ಸಂದಿಯಲ್ಲಿ ಹೊರಗೆ ಬಂದಿತ್ತು. ಸರ್ ಆಚೆಯಿಂದ ಗೋಡೆಗೆ ಒಂದು ಸಲ ಬಡಿದರೆ ಲೇಸರ್ ಹಚ್ಚಿದ್ದಾರೆ ಎಂದರ್ಥ. ಹತ್ತು ನಿಮಿಷ ಎಣಿಸುವೆ. ಎರಡು ಸಲ ಬಡಿದರೆ ಆರಿಸಿದ್ದಾರೆ. ಮತ್ತೆ ಹತ್ತು ನಿಮಿಷ. ಕಗ್ಗತ್ತಲಲ್ಲೂ ಆ ಕೊಳವೆ ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು. ಅದು ಅದರ ಸ್ವಭಾವ. ಕತ್ತಲೆಗೂ ತನ್ನದೇ ಸದ್ದು ಇರುತ್ತದೆ. ಲೇಸರ್ ಇದ್ದಾಗಿನ ಎಣಿಕೆ ಕತ್ತಲೆಯ ಎಣಿಕೆಗಿಂತ ಹೆಚ್ಚಾದರೆ ಏನೋ ಗೋಡೆ ದಾಟಿದೆ ಎಂದು. ಹೆಚ್ಚಾಗದಿದ್ದರೆ ಸೊನ್ನೆ. ಎಣಿಕೆಯ ಚೀಟಿಯನ್ನು ಸರ್ ಮನೆಗೆ ಒಯ್ದು ಕೊಟ್ಟು ನಾನು ಮನೆಗೆ ಹೋಗುವೆ. ಅವರು ಅದನ್ನು ರಿಜಿಸ್ಟರಿಗೆ ಏರಿಸಿ, ಷರಾ ಕಾಲಂ ತುಂಬಿ, ಸೊನ್ನೆಯನ್ನು ಕೆಂಪಿನಲ್ಲಿ ಬರೆಯುವರು.

ಆ ಕೊಳವೆ ಎಷ್ಟು ಸೂಕ್ಷ್ಮವೆಂದು ಸಾವ್ಕಾರ್ರಿಗೆ ತೋರಿಸಬೇಕೆಂದು ಸರ್ ನನ್ನ ಕೈಯಲ್ಲಿ ಒಂದು ಪೊಟ್ಟಣ ಮಂಡಕ್ಕಿ ಕಳಿಸಿದ್ದರು. ಹೇಳಿಕೊಟ್ಟಂತೆ ನಾನು ಒಂದೇ ಒಂದು ಮಂಡಕ್ಕಿ ಕಾಳನ್ನು ಸ್ಟೀಲ್ ತಟ್ಟೆಯ ಮೇಲೆ ಬೀಳಿಸಿದೆ.

"ಕೇಳಿಸ್ತಾ?"

"ಇಲ್ಲ."

"ಈ ಕೊಳವೆಗೆ ಕೇಳಿಸುತ್ತೆ. ಬೆಳಕಿನ ಒಂದು ಕಾಳು ಬಿದ್ದರೂ."

ಸಾವ್ಕಾರ್ರು ಬಹಳ ಹೊತ್ತು ತಟ್ಟೆಯನ್ನೇ ನೋಡಿದರು. ಆಮೇಲೆ ಆ ಕಾಳನ್ನು ಬಾಯಿಗೆ ಹಾಕಿಕೊಂಡರು.

ಪೆಟ್ಟಿಗೆಯ ಹಿಂಬದಿಗೆ ಕಪ್ಪು ರಬ್ಬರಿನ ಒಂದು ಬಿರಡೆ ಇತ್ತು. ಕೊಳವೆ ಜೀವಂತ ಇದೆಯೋ ಇಲ್ಲವೋ ನೋಡಲು ತಿಂಗಳಿಗೊಮ್ಮೆ ನಾನು ಅದನ್ನು ಎಳ್ಳಷ್ಟು ಸಡಿಲಿಸುವೆ. ದೀಪದ ಬೆಳಕು ಒಂದಿಷ್ಟು ಒಳಗೆ ನುಸುಳಿ ಎಣಿಕೆ ಏರುವುದು. ಮತ್ತೆ ಬಿಗಿ ಮಾಡುವೆ. ಸಾವ್ಕಾರ್ರು ಇದನ್ನು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಅವರು ನೋಡುತ್ತಿದ್ದರು ಎಂಬುದು ನನಗೆ ಮುಖ್ಯವೆಂದು ಆಗ ಅನಿಸಿರಲಿಲ್ಲ.

ಹನ್ನೊಂದು ತಿಂಗಳು ಸೊನ್ನೆ ಬಂತು. ಪ್ರತಿದಿನ ಪೂಜೆ ಮುಗಿಸಿ, ಹಣೆಯಲ್ಲಿ ಹಸಿ ವಿಭೂತಿಯೊಂದಿಗೆ ಹೊರಗೆ ಬಂದು ಸಾವ್ಕಾರ್ರು ಕೇಳುವರು:

"ಏನಾರ ಬಂತೇನವ್ವ?"

"ಇಲ್ಲ ಸಾವ್ಕಾರ್ರೆ."

"ಇವತ್ತೂ ಇಲ್ಲ?"

"ಇಲ್ಲ."

ಮೊದಮೊದಲು ಅವರ ದನಿಯಲ್ಲಿ ಸಣ್ಣ ಖುಷಿ ಇತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಹೋಯಿತು. ಬೇಸಿಗೆಯ ಹೊತ್ತಿಗೆ ನನ್ನ ಮುಖ ನೋಡಿಯೇ ಉತ್ತರ ತಿಳಿದು ಸುಮ್ಮನೆ ಉಯ್ಯಾಲೆಗೆ ಹೋಗಿ ಕೂರುತ್ತಿದ್ದರು.

ಅಷ್ಟರಲ್ಲಿ ಹರಿಹರದಿಂದ ಕರೆ ಬಂತು. ಅಲ್ಲಿಯ ಒಂದು ಪ್ರೌಢಶಾಲೆಯಲ್ಲಿ ಸುತ್ತಲಿನ ವಿಜ್ಞಾನ ಶಿಕ್ಷಕರ ಸಭೆ. ಸರ್ ತಮ್ಮ ಪ್ರಯೋಗದ ಬಗ್ಗೆ ಮಾತಾಡಬೇಕು. ನಲವತ್ತು ವರ್ಷ ಬೇರೆಯವರ ಪ್ರಯೋಗಗಳಿಗೆ ಉಪಕರಣ ಹೊಂದಿಸಿ ಕೊಟ್ಟವರನ್ನು ಮೊದಲ ಬಾರಿ ಮಾತಾಡಿ ಎಂದು ಕರೆದಿದ್ದರು. ಅವರು ಅಂಗಿ ಇಸ್ತ್ರಿಗೆ ಕೊಟ್ಟದ್ದು ನಾನು ಕಂಡಂತೆ ಅದೇ ಮೊದಲು.

ನಾನು ಇದನ್ನು ಸಾವ್ಕಾರ್ರ ಮನೆಯಲ್ಲಿ ಹೇಳಿದೆ. ಅವರು ಉಯ್ಯಾಲೆ ನಿಲ್ಲಿಸಿದರು. "ಅಷ್ಟು ಜನ ಮಾಸ್ತರ್ರ ಮುಂದೆ ನಿಂತು ಏನೂ ಸಿಗಲಿಲ್ಲ ಅಂತ ಹೇಳ್ತಾನೇನು?"

"ಹೌದು. ಅದೇ ಫಲಿತಾಂಶ."

"ಅದ್ಯಾತರ ಫಲಿತಾಂಶ? ಒಂದು ವರ್ಷ ದುಡಿದು ಹೊಲದಾಗ ಏನೂ ಬೆಳೀಲಿಲ್ಲ ಅಂತ ಮೈಕಿನಾಗ ಹೇಳಿದಂಗೆ. ನಮ್ಮ ಮನೆತನದೋರು ಯಾರೂ ಹಂಗೆ ನಿಂತಿಲ್ಲ."

ಮೂರು ದಿನಗಳ ನಂತರ ಎಣಿಕೆ ಏರಿತು.

ಗೋಡೆಗೆ ಒಂದು ಬಡಿತ, ಎಣಿಕೆ ಏರಿತು. ಎರಡು ಬಡಿತ, ಎಣಿಕೆ ಇಳಿಯಿತು. ಚೀಟಿ ಹಿಡಿದು ಆ ನಲವತ್ತೆರಡು ಹೆಜ್ಜೆಯನ್ನು ಬಹುಶಃ ಇಪ್ಪತ್ತೈದರಲ್ಲಿ ಮುಗಿಸಿದೆ. ಸರ್ ಚೀಟಿ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. "ನಾಳೆ ನೋಡಾನ" ಎಂದರು.

ಮರುದಿನವೂ ಬಂತು. ಅದರ ಮರುದಿನವೂ. ಪ್ರತಿದಿನ ಸಾವ್ಕಾರ್ರು ಹೊರಗೆ ಬಂದು "ಏನಾರ ಬಂತೇನವ್ವ?" ಎಂದು ಮುಗ್ಧವಾಗಿ ಕೇಳುವರು. "ಬಂತು" ಎಂದರೆ "ಹೌದಾ!" ಎಂದು ಗೋಡೆಗೆ ಕೇಳುವಂತೆ ಕೂಗುವರು. ಸರ್ ಮಾತ್ರ ದಿನವೂ "ಆಯ್ತವ್ವ" ಎಂದು ಚೀಟಿ ತೆಗೆದುಕೊಳ್ಳುವರು, ಹೆಚ್ಚು ಮಾತಿಲ್ಲ. ಸಂತೋಷ ಹೆಚ್ಚಾಗಿ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಹನ್ನೆರಡನೆಯ ದಿನ ಶನಿವಾರ. ಸಭೆ ಮರುದಿನ. ಎಣಿಕೆ ಮುಗಿದ ಮೇಲೆ ತಿಂಗಳ ಪರೀಕ್ಷೆಗೆಂದು ಪೆಟ್ಟಿಗೆಯ ಹಿಂದೆ ಬಾಗಿದಾಗ ನೋಡಿದೆ: ಕಪ್ಪು ಬಿರಡೆಯ ಮೇಲೆ ಬಿಳಿ ಬೆರಳಚ್ಚುಗಳು. ಮೂರು ಬೆರಳು. ವಿಭೂತಿ.

ನಾನು ಬಹಳ ಹೊತ್ತು ಅಲ್ಲೇ ಮಂಡಿಯೂರಿ ಕೂತಿದ್ದೆ. ಹೊರಗಿನಿಂದ ಸಾವ್ಕಾರ್ರ ಹೆಂಡತಿ, "ಏನವ್ವ, ದೇವ್ರಿಗೆ ನಮಸ್ಕಾರ ಮಾಡಕತ್ತೀಯೇನು?" ಎಂದರು. ಸರ್ ಮನೆಗೆ ಹೋದರೆ ಬೀಗ ಹಾಕಿತ್ತು, ಕ್ಷೌರಕ್ಕೆ ಹೋಗಿದ್ದರು. ಫೋನ್ ಎತ್ತಲಿಲ್ಲ. ಚೀಟಿಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಬಂದೆ. ಬಿರಡೆಯ ವಿಷಯವನ್ನು ಚೀಟಿಯಲ್ಲಿ ಬರೆಯಲು ಆಗಲಿಲ್ಲ. ನಾಳೆ ಬಸ್ಸಿನಲ್ಲಿ ಹೇಳಬಹುದು ಎಂದುಕೊಂಡೆ. ಹೇಳದಿದ್ದರೆ, ಸುಳ್ಳು ಉತ್ತರ ಬರೆದವಳನ್ನು ಹಿಡಿದ ಮನುಷ್ಯ ನಲವತ್ತು ಶಿಕ್ಷಕರ ಮುಂದೆ ಸುಳ್ಳು ಉತ್ತರ ಓದುತ್ತಾರೆ.

ಭಾನುವಾರ ಬೆಳಿಗ್ಗೆ ಹರಿಹರದ ಬಸ್ಸಿನಲ್ಲಿ ಸರ್ ಕಿಟಕಿಯ ಪಕ್ಕ ಕೂತಿದ್ದರು, ತೊಡೆಯ ಮೇಲೆ ರಿಜಿಸ್ಟರ್. "ಸರ್, ಒಂದು ವಿಷಯ" ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ ಹತ್ತಿದವರು ಸಾವ್ಕಾರ್ರು. ರೇಷ್ಮೆ ರುಮಾಲು, ಕೈಯಲ್ಲಿ ದೊಡ್ಡ ಬಟ್ಟೆಯ ಚೀಲ. ಬಸ್ಸಿನಲ್ಲಿ ಎಷ್ಟೋ ಸೀಟು ಖಾಲಿ ಇದ್ದರೂ ನಮ್ಮ ಹಿಂದಿನ ಸೀಟಿಗೇ ಬಂದು ಕೂತು, ನಮ್ಮನ್ನು ಎಂದೂ ನೋಡಿಲ್ಲದವರಂತೆ ಕಿಟಕಿಯಾಚೆ ನೋಡತೊಡಗಿದರು. ಚೀಲದಿಂದ ಹಸಿ ಸುಗಂಧರಾಜದ ವಾಸನೆ ಬರುತ್ತಿತ್ತು. ತಿರುಗಿ ನೋಡಿದೆ. ಚೀಲದಲ್ಲಿ ಹಾರ, ಜರಿ ಶಾಲು, ಒಂದು ಹಣ್ಣಿನ ಬುಟ್ಟಿ.

"ಏನವ್ವ ವಿಷಯ?" ಎಂದರು ಸರ್.

"ಏನಿಲ್ಲ ಸರ್" ಎಂದೆ.



ಸಭೆಯಲ್ಲಿ ನಿರೂಪಕರು ಸರ್ ಅವರನ್ನು 'ಬೆಳಕಿನಿಂದ ಕತ್ತಲೆಯೆಡೆಗೆ ನಮ್ಮನ್ನು ಕರೆದೊಯ್ಯಲಿರುವವರು' ಎಂದು ಪರಿಚಯಿಸಿದರು. ಯಾರೂ ನಗಲಿಲ್ಲ, ಉಪ್ಪಿಟ್ಟು, ಕೇಸರಿಬಾತು ಆಗತಾನೆ ಮುಗಿದಿತ್ತು. ನಾನು ಮೊದಲ ಸಾಲಿನಲ್ಲಿದ್ದೆ. ಸಾವ್ಕಾರ್ರು ಕೊನೆಯ ಸಾಲಿನಲ್ಲಿ, ಮಡಿಲಲ್ಲಿ ಚೀಲ. ಸರ್ ಮೈಕಿನ ಬಳಿ ಹೋಗುವ ಮೊದಲು ನಾನು ಒಂದು ಚೀಟಿ ಬರೆದು ಅವರ ಕೈಗೆ ಕೊಟ್ಟೆ. 'ಬಿರಡೆಯ ಮೇಲೆ ವಿಭೂತಿ ಇದೆ.' ಅವರು ಓದಿದರು, ಮಡಿಸಿ ಜೇಬಿಗೆ ಹಾಕಿಕೊಂಡರು.

ಪಂಕ್ತಿ, ಎಲೆ, ಗೋಡೆ, ಮಂಡಕ್ಕಿ ಎಲ್ಲ ಹೇಳಿದರು. ಚೆನ್ನಾಗಿಯೇ ಮಾತಾಡಿದರು. ಕೊನೆಗೆ ರಿಜಿಸ್ಟರ್ ತೆರೆದು, "ಹನ್ನೊಂದು ತಿಂಗಳು ನೋಡಿದ್ವಿ. ಏನೂ ದಾಟಿ ಬರಲಿಲ್ಲ. ನಮ್ಮ ಉತ್ತರ ಸೊನ್ನೆ" ಎಂದರು.

"ಸುಳ್ಳು!"

ಸಾವ್ಕಾರ್ರು ಎದ್ದು ನಿಂತಿದ್ದರು. "ಸುಳ್ಳು ಹೇಳ್ತಾನೆ! ಹನ್ನೆಲ್ಡು ದಿನದಿಂದ ಬರಾಕತ್ತೈತೆ! ಆ ಹುಡುಗೀನೇ ಬರ್ಕಂಡಾಳೆ, ಕೇಳ್ರಿ ಬೇಕಾರೆ!"

ನಲವತ್ತು ತಲೆಗಳು ನನ್ನ ಕಡೆ ತಿರುಗಿದವು. ನನ್ನ ಜೀವನದಲ್ಲಿ ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಅದೊಂದೇ ಸಲ, ಸಾಕು. ಆದರೆ ನಾನು ಏನಾದರೂ ಹೇಳುವ ಮೊದಲೇ ಸರ್ ಮೈಕಿನಲ್ಲಿ ಕೇಳಿದರು:

"ಅಣ್ಣಾ, ಬಿರಡೆ ಎಷ್ಟು ಸಡ್ಲ ಮಾಡ್ತಿದ್ದೆ?"

"ಎಳ್ಳಷ್ಟು" ಎಂದರು ಸಾವ್ಕಾರ್ರು, ತಕ್ಷಣ.

ಹದಿನೇಳು ವರ್ಷಗಳ ನಂತರ ಅಣ್ಣತಮ್ಮಂದಿರು ಯಾರನ್ನೂ ನಡುವೆ ಇಟ್ಟುಕೊಳ್ಳದೆ ಆಡಿದ ಮೊದಲ ಮಾತು ಅದು. ನನ್ನ ಪಕ್ಕದಲ್ಲಿದ್ದ ಶಿಕ್ಷಕರು, "ಇದು ಪ್ರಾತ್ಯಕ್ಷಿಕೇನಾ ಮೇಡಂ?" ಎಂದು ಪಿಸುಗುಟ್ಟಿದರು.

"ಎಳ್ಳಷ್ಟೇ ಅಲ್ಲೇನೋ!" ಸಾವ್ಕಾರ್ರು ಈಗ ಚೀಲ ಎತ್ತಿಕೊಂಡು ವೇದಿಕೆಯ ಕಡೆ ಬರುತ್ತಿದ್ದರು. "ವರ್ಷಾನುಗಟ್ಲೆ ಸೊನ್ನೆ ಸೊನ್ನೆ ಅಂತ ಆ ಹುಡುಗಿ ಮಖ ಸಣ್ಣದು ಮಾಡ್ಕಂಡು ಹೋಗಾದು ನೋಡಾಕಾಗದೆ ಮಾಡೀನಿ. ಅಷ್ಟಕ್ಕೇನಾತು?"

"ನನ್ನ ಸೊನ್ನೆ ಕೊಳೆ ಆತು."

"ಒಂದು ಸೊನ್ನೆ ಕೊಳೆ ಆದ್ರೆ ಇನ್ನೊಂದು ಬರ್ಕ!"

"ಅದು ಹಂಗೆ ಬರಲ್ಲ ಅಣ್ಣ."

ಸಾವ್ಕಾರ್ರು ವೇದಿಕೆ ಹತ್ತಿದ್ದರು. ಸರ್ ಎದುರು ನಿಂತು, ಚೀಲವನ್ನೂ ಸಭೆಯನ್ನೂ ಒಮ್ಮೆ ನೋಡಿದರು. "ತಂದ ಶಾಲು ಮನೀಗೆ ವಾಪಸ್ ಒಯ್ಯಬಾರದು" ಎಂದು ಗಂಭೀರವಾಗಿ ಹೇಳಿ, ಜರಿ ಶಾಲನ್ನು ಬಿಡಿಸಿ ತಮ್ಮನಿಗೆ ಹೊದಿಸಿದರು. ಹಾರ ಹಾಕಿದರು. ಹಣ್ಣಿನ ಬುಟ್ಟಿ ಕೈಗಿಟ್ಟರು. ಶಾಲು ಕಂಡ ಕೂಡಲೇ ಸಭೆ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿತು. ಏನೂ ಸಿಕ್ಕಲಿಲ್ಲ ಎಂಬುದಕ್ಕೆ ಸನ್ಮಾನವಾದದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ನಿರೂಪಕರು, ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು. ಹಿಂದಿನಿಂದ ಒಬ್ಬರು, "ಹಾಜರಾತಿ ಪತ್ರ ಎಲ್ಲಿ ಕೊಡ್ತಾರೆ ಸರ್?" ಎಂದು ಕೇಳಿದರು.

ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ಸರ್ ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟು ನೀರು ಕುಡಿಯಲು ಹೋದರು. ಆ ಹನ್ನೆರಡು ದಿನಗಳ ಪುಟ ತೆರೆದೆ. ಮೊದಲ ದಿನದ ಷರಾ: 'ಎಣಿಕೆ ಹೆಚ್ಚು. ನೋಡಬೇಕು.' ಎರಡನೆಯ ದಿನ: 'ಲೇಸರ್ ಹಚ್ಚಲಿಲ್ಲ. ಗೋಡೆ ಮಾತ್ರ ಬಡಿದೆ. ಎಣಿಕೆ ಹೆಚ್ಚು.' ಮೂರನೆಯ ದಿನ: 'ಲೇಸರ್ ಇಲ್ಲ. ಬಡಿದೆ. ಎಣಿಕೆ ಹೆಚ್ಚು.' ಹನ್ನೆರಡನೆಯ ದಿನದವರೆಗೂ ಅದೇ.

ನನ್ನ ಚೀಟಿ ಅವರಿಗೆ ಬೇಕೇ ಇರಲಿಲ್ಲ. ಸರ್ ಶಾಲಿನ ಅಂಚಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದರು.

"ಎರಡನೇ ದಿನವೇ ಗೊತ್ತಾಗಿತ್ತು ನಿಮಗೆ" ಎಂದೆ.

"ಹೂಂ."

"ಮತ್ತೆ ಹತ್ತು ದಿನ ಯಾಕೆ ಸರ್ ಬಡಿದಿರಿ?"

ಅವರು ರಿಜಿಸ್ಟರ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. "ಒಂದು ಸಲ ಬಂದ್ರೆ ಅದು ರೀಡಿಂಗ್ ಅಲ್ಲವ್ವ" ಎಂದರು. "ಹತ್ತು ಸಲ ಬರಬೇಕು."

ಬಸ್ಸಿನಲ್ಲಿ ಮೂರು ಜನರ ಸೀಟು ಸಿಕ್ಕಿತು. ಅಣ್ಣ ಕಿಟಕಿಗೆ, ತಮ್ಮ ಅಂಚಿಗೆ, ನಡುವೆ ನಾನು. ಇನ್ನು ನನ್ನ ಕೆಲಸ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಸರ್, "ಗಾಳಿ ಬರ್ತೈತೆ, ಕಿಟಕಿ ಹಾಕಾಕೆ ಹೇಳವ್ವ ಅವರಿಗೆ" ಎಂದರು. "ಶಾಲು ಹೊದ್ಕಂಡಾನಲ್ಲ, ಚಳಿ ಯಾಕ ಅಂತ ಕೇಳವ್ವ ಅವನಿಗೆ" ಎಂದರು ಸಾವ್ಕಾರ್ರು. ದಾವಣಗೆರೆ ಬರುವವರೆಗೂ ಹೀಗೆಯೇ.

ಪ್ರಯೋಗ ವರ್ಷಗಟ್ಟಲೆ ಮುಂದುವರಿಯಿತು, ಒಂದು ಬದಲಾವಣೆಯೊಂದಿಗೆ. ಸರ್ ಗೋಡೆಗೆ ಬಡಿದ ಕೂಡಲೇ ಆಚೆಯಿಂದ ಸಾವ್ಕಾರ್ರು "ಮುಚ್ಚೀನಿ!" ಎಂದು ಕೂಗುವರು. ಬಿರಡೆ ಬಿಗಿಯಾಗಿದೆ ಎಂದು. ದಿನಕ್ಕೆ ಆ ಒಂದೇ ಮಾತು. ಸರ್ ಹಾಸಿಗೆ ಹಿಡಿಯುವ ಹಿಂದಿನ ದಿನದವರೆಗೂ ಅದು ತಪ್ಪಲಿಲ್ಲ, ಸೊನ್ನೆಯೂ ತಪ್ಪಲಿಲ್ಲ.

ಹೋದ ಭಾನುವಾರ ಸಂಜೆ ನಾನು ಹೋದಾಗ ಫೋನ್ ಮಾಡಿದ್ದ ಸಾವ್ಕಾರ್ರ ಮಗ ಬೀದಿಯಲ್ಲೇ ಸಿಕ್ಕ. ಗೋಡೆ ಒಡೆದರೆ ಮನೆ ಎಷ್ಟು ದೊಡ್ಡದಾಗುತ್ತದೆ ಎಂದು ಕೈಚಾಚಿ ತೋರಿಸಿದ. "ನಮ್ಮಪ್ಪಗೆ ನೀವರ ಸ್ವಲ್ಪ ಹೇಳ್ರಿ ಮೇಡಂ. ಅಡ್ಡ ಕುಂತುಬಿಟ್ಟಾರೆ."

ಒಳಗೆ ಸಾವ್ಕಾರ್ರು ದೇವರ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದರು. ಆರು ತಿಂಗಳಲ್ಲಿ ಬಹಳ ಇಳಿದುಹೋಗಿದ್ದರು. ನನ್ನನ್ನು ಕಂಡು, "ನೋಡವ್ವ, ಗೋಡೆ ಒಡೀತಾನಂತೆ. ಗೋಡೇನೇ ಇಲ್ಲಾಂದ್ರೆ ಏನು ದಾಟೈತೆ ಅಂತ ನೋಡಾದು? ಇಷ್ಟು ಓದಿಸೀನಿ, ಅಷ್ಟೂ ತಿಳಿಯಲ್ಲ ಇವನಿಗೆ" ಎಂದರು.

ನಾನು ಪೆಟ್ಟಿಗೆ ಒಯ್ಯಲು ಬಂದಿದ್ದೇನೆ ಎಂದೆ.

"ಒಯ್ಯುವಂತೆ. ಬಂದೀಯಲ್ಲ, ಒಂದು ರೀಡಿಂಗ್ ತಗಂಡು ಹೋಗು. ಬಾಳ ದಿನಾತು."

ನಿಮಿಷ ನಿಮಿಷದ ಎಣಿಕೆ ತಾನೇ ಇಟ್ಟುಕೊಳ್ಳುವಂತೆ ಯಂತ್ರ ಹಚ್ಚಿ, ಮಗನಿಂದ ಬೀಗದ ಕೈ ಇಸಿದುಕೊಂಡು, ನಲವತ್ತೆರಡು ಹೆಜ್ಜೆ ನಡೆದು ಸರ್ ಮನೆಯ ಬೀಗ ತೆಗೆದೆ. ಮ್ಯಾಗ್ನೆಟ್ ಸಾಲಿನ ಮೇಲೆ ಧೂಳು ಕೂತಿತ್ತು. ಒರೆಸಿದೆ. ಲೇಸರ್ ಮೂರನೆಯ ಸಲಕ್ಕೆ ಹತ್ತಿತು. ಗೋಡೆಯ ಮೇಲೆ ಆ ಕೆಂಪು ಚುಕ್ಕೆ ಅದೇ ಜಾಗದಲ್ಲಿ ನಿಂತಿತು. ಗೋಡೆಗೆ ಒಂದು ಸಲ ಬಡಿದೆ. ಅಷ್ಟು ವರ್ಷ ಆಚೆ ಬದಿಯಲ್ಲಿ ಕೂತು ಕೇಳಿದ ಸದ್ದನ್ನು ನಾನೇ ಮಾಡಿದ್ದು ಅದೇ ಮೊದಲು.

"ಮುಚ್ಚೀನಿ!" ಎಂದಿತು ಆಚೆಯಿಂದ ಮುದಿ ದನಿ. ಸ್ವಲ್ಪ ಹೊತ್ತು ಬಿಟ್ಟು, ಯಾರೂ ಕೇಳದಿದ್ದರೂ, "ದೀಪಾನೂ ಶಾಂತ ಮಾಡೀನಿ!"

ಹತ್ತು ನಿಮಿಷ ಕಾದು, ಎರಡು ಸಲ ಬಡಿದು, ಲೇಸರ್ ಆರಿಸಿ, ಮತ್ತೆ ಹತ್ತು ನಿಮಿಷ ಬಿಟ್ಟು ವಾಪಸ್ ನಡೆದು ಬಂದೆ. ಕೋಣೆಯಲ್ಲಿ ನಿಜವಾಗಿಯೂ ಕತ್ತಲಿತ್ತು. ಸಾವ್ಕಾರ್ರು ಪೆಟ್ಟಿಗೆಯ ಎದುರು, ಎರಡೂ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಮುಟ್ಟಿಲ್ಲ ಎಂದು ತೋರಿಸುವವರಂತೆ. ಫೋನಿನ ಬೆಳಕು ಬೇಡವೆನಿಸಿ, ಬಿರಡೆಯನ್ನು ಬೆರಳಿನಿಂದ ತಡವಿ ನೋಡಿದೆ. ಬಿಗಿಯಾಗಿತ್ತು. ಪಡಸಾಲೆಗೆ ಬಂದು ಬೆರಳು ನೋಡಿಕೊಂಡೆ, ವಿಭೂತಿ ಹತ್ತಿರಲಿಲ್ಲ.

"ಎಷ್ಟು ಬಂತವ್ವ?" ಎಂದರು ಒಳಗಿನಿಂದ.

ನಾನು ಎಣಿಕೆಯನ್ನು ಎರಡು ಸಲ ಓದಿದೆ.

"ಕತ್ತಲೆಯಷ್ಟೇ ಸಾವ್ಕಾರ್ರೆ. ಸೊನ್ನೆ."

ಅವರು ಕೇಳಿದರು, "ತೊಳೆದಿದ್ದಾ?"

"ಹೌದು. ತೊಳೆದಿದ್ದೇ."

"ಹಂಗಾರೆ ಬರಿ" ಎಂದರು. "ಕೆಂಪಿನಾಗ ಬರಿ."

ಪೆಟ್ಟಿಗೆ ಅಲ್ಲೇ ಇದೆ. ನಾಳೆ ಸಂಜೆ ಆರಕ್ಕೆ ಬರುತ್ತೇನೆಂದು ಹೇಳಿ ಬಂದೆ.